ಸಿಂಗಾಪುರದಲ್ಲಿ ಕಳೆದುಹೋದ ದೊಡ್ಡಮಾವನನ್ನು ಕಾಗದಗಳಲ್ಲಿ ಹುಡುಕಿದ್ದು

ನಮ್ಮ ಅಜ್ಜಿಯ ಅಣ್ಣ ಒಂದನೇ ಮೈಸೂರು ಇನ್‌ಫೆಂಟ್ರಿಯಲ್ಲಿ ಸಿಪಾಯಿಯಾಗಿದ್ದರು. ಅದು ಬ್ರಿಟಿಷರ ನೇರ ಸೈನ್ಯ ಅಲ್ಲ, ಮಹಾರಾಜರ ಸೈನ್ಯ. ಎರಡನೇ ಮಹಾಯುದ್ಧದಲ್ಲಿ ಸಂಸ್ಥಾನಗಳ ಪಡೆಗಳನ್ನೂ ಹೊರದೇಶಕ್ಕೆ ಕಳಿಸಿದರು. ಮೈಸೂರು, ಹೈದರಾಬಾದ್, ಜಿಂದ್, ಕಪುರ್ತಲಾ, ಬಹಾವಲ್‌ಪುರ, ಹೀಗೆ ಹಲವು ಸಂಸ್ಥಾನಗಳ ಪಡೆಗಳು ಮಲಯಾ (ಈಗಿನ ಮಲೇಷ್ಯಾದ ಭಾಗ) ಮತ್ತು ಸಿಂಗಾಪುರದಲ್ಲಿದ್ದವು. ಹೆಚ್ಚಾಗಿ ವಿಮಾನ ನೆಲೆಗಳ ಕಾವಲು ಕೆಲಸ. ನಮ್ಮವರು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಿಂದ ಹೋದರು. ಮದುವೆ ಆಗಿರಲಿಲ್ಲ. ವಾಪಸ್ ಬರಲಿಲ್ಲ.

ಅಮ್ಮ ಅವರನ್ನು ನೋಡಿಯೇ ಇಲ್ಲ. ಆದರೂ ದೊಡ್ಡಮಾವ ಅಂತಲೇ ಕರೆಯುವುದು, ನಾವೂ ಅದನ್ನೇ ಕಲಿತೆವು.

ಮನೆಯಲ್ಲಿ ಅವರ ಬಗ್ಗೆ ಇದ್ದದ್ದು ಎರಡೇ. ಒಂದು ಸರ್ಕಾರಿ ಕಾಗದ, ಇಂಗ್ಲಿಷಿನದು. ಮೊದಲು ಕಾಣೆಯಾಗಿದ್ದಾರೆ ಎಂದಿತ್ತು, ಈಗ ಸತ್ತಿದ್ದಾರೆ ಎಂದು ಭಾವಿಸಲಾಗಿದೆ, ಅಷ್ಟು. ಇನ್ನೊಂದು ಅಜ್ಜಿ ಹೇಳುತ್ತಿದ್ದ ಮಾತು. ಯುದ್ಧ ಮುಗಿದ ಮೇಲೆ ಪಕ್ಕದ ಊರಿನ ಒಬ್ಬರು ವಾಪಸ್ ಬಂದರಂತೆ, ಅದೇ ಪಡೆಯವರು. ಅವರು ಅಜ್ಜಿಯ ಮನೆಗೇ ಬಂದು, ನಿಮ್ಮಣ್ಣ ಯುದ್ಧದಲ್ಲಿ ಸಾಯಲಿಲ್ಲ, ಶರಣಾದ ಮೇಲೂ ಕ್ಯಾಂಪಿನಲ್ಲಿ ನೋಡಿದ್ದೇನೆ, ಮುಂದಿನ ವರ್ಷ ಕೆಲಸಕ್ಕೆ ಅಂತ ಹಡಗು ಹತ್ತಿಸಿದರು, ಆಮೇಲೆ ಗೊತ್ತಿಲ್ಲ ಅಂದರಂತೆ. ಅಜ್ಜಿ ಕೊನೆಯವರೆಗೂ ಕಾಗದವನ್ನು ನಂಬಲಿಲ್ಲ, ಆ ಮಾತನ್ನೇ ನಂಬಿದ್ದರು.

ಎಷ್ಟೋ ವರ್ಷ ಇದು ನಮಗೆ ಬರೀ ಒಂದು ಕಥೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಅವರ ಹೆಸರೂ ಹೇಳುತ್ತಿದ್ದೆವು, ಯಾಕಂದರೆ ತಿಥಿ ಗೊತ್ತಿಲ್ಲದವರಿಗೆ ಅದೇ ದಿನ ಅಲ್ವಾ. ಒಮ್ಮೆ ಅಮ್ಮ, "ಅಲ್ಲ ಕಣೇ, ಇಷ್ಟೆಲ್ಲ ಫೋನು ಕಂಪ್ಯೂಟರ್ ನೋಡ್ತೀಯ, ಅವರೇನಾದ್ರು ಅಂತ ಎಲ್ಲೂ ಬರೆದಿಟ್ಟಿಲ್ವಾ?" ಅಂತ ಕೇಳಿದರು. ಆ ರಾತ್ರಿಯೇ ಹುಡುಕಲು ಕೂತೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದರೆ ಉಪಯೋಗ ಆಗಲಿ ಅಂತ, ಏನೇನು ಮಾಡಿದೆ ಎಂದು ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟ್. ಎರಡೂ ಮಹಾಯುದ್ಧಗಳಲ್ಲಿ ಸತ್ತ ಕಾಮನ್‌ವೆಲ್ತ್ ಸೈನಿಕರ ಹೆಸರು ಅಲ್ಲಿ ಇದೆ, ಭಾರತದವರದ್ದೂ ಸೇರಿ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಆದರೆ ನಮ್ಮ ಹೆಸರುಗಳನ್ನು ಆಗಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ. ಗೌಡ ಅನ್ನುವುದನ್ನೇ ಎಷ್ಟು ಥರ ಬರೆಯಬಹುದು ಅಂತ ಅಲ್ಲಿ ನೋಡಿದರೆ ಗೊತ್ತಾಗುತ್ತದೆ. ಹೆಸರಿನಿಂದ ಹುಡುಕಿದರೆ ಸಿಗಲಿಲ್ಲ. ಹೆಸರು ಬಿಟ್ಟು ಪಡೆಯ ಹೆಸರು, ವರ್ಷ, ದೇಶ ಹಾಕಿ, ಬಂದ ಪಟ್ಟಿಯನ್ನು ಒಂದೊಂದಾಗಿ ಓದಿದೆ. ಸರ್ಕಾರಿ ಕಾಗದದಲ್ಲಿ ಸೈನ್ಯದ ನಂಬರ್ ಇತ್ತು, ಅದು ತಾಳೆ ಆಯಿತು. ಅವರೇ.

ಸಿಪಾಯಿ. ಮೈಸೂರು ಇನ್‌ಫೆಂಟ್ರಿ. ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ ಹೆಸರು. ಸತ್ತ ದಿನ 15 ಫೆಬ್ರವರಿ 1942. ಕೆಲವು ಸೈನಿಕರ ಮುಂದೆ ಇಂಥವರ ಮಗ, ಇಂಥ ಊರು ಅಂತ ಬರೆದಿರುತ್ತಾರೆ. ನಮ್ಮವರ ಮುಂದೆ ಖಾಲಿ.

ಕ್ರಾಂಜಿಯ ಗೋಡೆಗಳ ಮೇಲೆ 24,000ಕ್ಕೂ ಜಾಸ್ತಿ ಹೆಸರುಗಳಿವೆ. ಸಮಾಧಿ ಎಲ್ಲಿದೆ ಎಂದು ಗೊತ್ತಿಲ್ಲದವರದ್ದು, ಅಥವಾ ಸಮಾಧಿಯೇ ಇಲ್ಲದವರದ್ದು. ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಇಂಗ್ಲಿಷ್ ಓದಲು ಬರದಿದ್ದರೂ ಆ ಹೆಸರಿನ ಮೇಲೆ ಬೆರಳಿಟ್ಟು, ದೊಡ್ಡದು ಮಾಡಿಸಿ ನೋಡಿದರು. ಆಮೇಲೆ ತಾರೀಖು ಕೇಳಿದರು. ಹೇಳಿದೆ. "ಹಾಗಾದ್ರೆ ಆ ಊರಿನವರು ಸುಳ್ಳು ಹೇಳಿದ್ರಾ?" ಅಂದರು.

ನನಗೂ ಅದೇ ಕಾಡಿತು. ಯಾಕಂದರೆ ಅದು ಸುಮ್ನೆ ಒಂದು ತಾರೀಖಲ್ಲ. 1942ರ ಫೆಬ್ರವರಿ 15ರ ಸಂಜೆ ಬ್ರಿಟಿಷ್ ಕಡೆಯ ಜನರಲ್ ಪರ್ಸಿವಲ್ ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಜಪಾನಿನ ಜನರಲ್ ಯಮಾಶಿತಾ ಎದುರು ಶರಣಾಗತಿಗೆ ಸಹಿ ಹಾಕಿದ ದಿನ ಅದು. ಅವತ್ತು ಯುದ್ಧ ಮಾಡುತ್ತಾ ಸತ್ತಿರಬಹುದು. ಅಥವಾ, ಆಮೇಲೆ ಏನಾಯಿತು ಅಂತ ಯಾರಿಗೂ ಗೊತ್ತಿಲ್ಲದ ಕಾರಣ, ಲೆಕ್ಕ ಮುಚ್ಚಲು ಆ ತಾರೀಖು ಹಾಕಿರಬಹುದು. ಅವತ್ತು ಸತ್ತಿದ್ದರೆ ಅವರು ಯುದ್ಧದಲ್ಲಿ ಮಡಿದವರು. ಮರುದಿನವೂ ಬದುಕಿದ್ದರೆ ಯುದ್ಧಕೈದಿ. ಆಗ ಅವರ ಊಟ, ಔಷಧಿ, ಜೀವ ಎಲ್ಲದರ ಹೊಣೆ ಹಿಡಿದಿಟ್ಟುಕೊಂಡವರದ್ದು. ಸತ್ತರೆ ತಿಳಿಸುವ ಹೊಣೆಯೂ ಅವರದ್ದೇ.

ಇಲ್ಲಿಂದಲೇ ನಾನು ಈ ಕಾನೂನನ್ನು ಓದಲು ಶುರು ಮಾಡಿದ್ದು. ಮೊದಲು ಗೊತ್ತಿದ್ದದ್ದು ಜಿನೀವಾ ಒಪ್ಪಂದ ಅನ್ನುವ ಹೆಸರು ಮಾತ್ರ. ಆ ಯುದ್ಧದ ಹೊತ್ತಿಗೆ ಇದ್ದದ್ದು ಯುದ್ಧಕೈದಿಗಳ ಬಗ್ಗೆ 1929ರಲ್ಲಿ ಆದ ಒಪ್ಪಂದ. ಓದಿ ನೋಡಿದರೆ ಅದರಲ್ಲಿ ದೊಡ್ಡ ದೊಡ್ಡ ಮಾತಿಗಿಂತ ದಿನದಿನದ ವಿಷಯವೇ ಜಾಸ್ತಿ. ಕೈದಿಗೆ ಕೊಡುವ ಊಟ ಹಿಡಿದವರ ಸ್ವಂತ ಶಿಬಿರದ ಸೈನಿಕರಿಗೆ ಕೊಡುವಷ್ಟೇ ಇರಬೇಕು. ಅವನು ತನ್ನ ಹೆಸರು ಮತ್ತು ದರ್ಜೆ ಹೇಳಿದರೆ ಸಾಕು, ಇಲ್ಲ ನಂಬರ್ ಹೇಳಿದರೆ ಸಾಕು, ಬೇರೆ ಏನನ್ನೂ ಹಿಂಸಿಸಿ ಕೇಳುವ ಹಾಗಿಲ್ಲ. ಧರ್ಮ ಪಾಲಿಸಲು ಬಿಡಬೇಕು. 36ನೇ ವಿಧಿಯನ್ನು ಮಾತ್ರ ನಾನು ಮತ್ತೆ ಮತ್ತೆ ಓದಿದೆ. ಕೈದಿ ಕ್ಯಾಂಪ್ ಸೇರಿದ ಒಂದು ವಾರದ ಒಳಗೆ, ನಾನು ಸೆರೆ ಸಿಕ್ಕಿದ್ದೇನೆ, ಆರೋಗ್ಯ ಹೀಗಿದೆ ಅಂತ ಮನೆಗೆ ಒಂದು ಕಾರ್ಡ್ ಬರೆಯಲು ಬಿಡಬೇಕು. ಒಂದೇ ಒಂದು ಪೋಸ್ಟ್ ಕಾರ್ಡ್. ಚನ್ನರಾಯಪಟ್ಟಣದ ಅಂಚೆ ಕಚೇರಿಗೆ ಅದು ಬಂದಿದ್ದರೆ ನಮ್ಮ ಅಜ್ಜಿ ಅರವತ್ತು ವರ್ಷ ಅನುಮಾನದಲ್ಲಿ ಬದುಕಬೇಕಿರಲಿಲ್ಲ.

ಜಪಾನ್ ಆ ಒಪ್ಪಂದಕ್ಕೆ ಸಹಿ ಹಾಕಿತ್ತು, ಆದರೆ ಅನುಮೋದಿಸಿರಲಿಲ್ಲ. ಯುದ್ಧ ಶುರುವಾದ ಮೇಲೆ ಬೇರೆ ದೇಶಗಳು ಕೇಳಿದಾಗ, 1942ರ ಆರಂಭದಲ್ಲಿ, ಅಗತ್ಯ ಬದಲಾವಣೆಗಳ ಜೊತೆ ಪಾಲಿಸುತ್ತೇವೆ ಎಂದು ಉತ್ತರ ಕೊಟ್ಟಿತು. ಆ ಬದಲಾವಣೆ ಎಂಥದ್ದು ಅಂತ ಆಮೇಲೆ ಜಗತ್ತಿಗೇ ಗೊತ್ತಾಯಿತು. ಯುದ್ಧದ ನಂತರ ಜಪಾನಿನ ನಾಯಕರ ವಿಚಾರಣೆ ನಡೆಸಿದ ಟೋಕಿಯೋ ನ್ಯಾಯಮಂಡಳಿ ಒಂದು ಲೆಕ್ಕ ಕೊಟ್ಟಿದೆ. ಜರ್ಮನಿ, ಇಟಲಿ ಹಿಡಿದ ಅಮೆರಿಕ ಮತ್ತು ಬ್ರಿಟನ್ ಕಡೆಯ ಕೈದಿಗಳಲ್ಲಿ ಶೇಕಡ 4ರಷ್ಟು ಜನ ಸತ್ತರೆ, ಜಪಾನ್ ಹಿಡಿದವರಲ್ಲಿ ಶೇಕಡ 27ರಷ್ಟು.

ಸರಿ, ಹುಡುಕಾಟಕ್ಕೆ ಬರುತ್ತೇನೆ. ಮುಂದಿನ ಹೆಜ್ಜೆ ನಮ್ಮಲ್ಲೇ ಏನಾದರೂ ಇದೆಯಾ ಎಂದು ನೋಡುವುದು. ಸ್ವಾತಂತ್ರ್ಯದ ನಂತರ ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ಸೇರಿಹೋದವು, ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟ್‌ಗೆ ಹೋಯಿತು. ಹಾಗಾಗಿ ಹಳೆಯ ದಾಖಲೆ ಯಾರ ಬಳಿ ಇರಬೇಕು ಅನ್ನುವುದೇ ಗೊಂದಲ. ಒಂದು ಕಚೇರಿ ಇನ್ನೊಂದನ್ನು ತೋರಿಸಿತು, ಅದು ಮತ್ತೆ ಮೊದಲನೆಯದನ್ನೇ ತೋರಿಸಿತು. ಒಂದು ಕಡೆಯಂತೂ, 1942ರದ್ದೆಲ್ಲ ಯಾಕೆ ಮೇಡಂ ಈಗ, ಪೆನ್ಶನ್ ಏನೂ ಬರಲ್ಲ ಅಂದರು. ಪೆನ್ಶನ್ ಬೇಡ ಸರ್, ತಾರೀಖು ಬೇಕು ಅಂದೆ. ಅವರಿಗೆ ಅರ್ಥವಾಗಲಿಲ್ಲ. ತಿಂಗಳುಗಟ್ಟಲೆ ಅಲೆದೆ, ಏನೂ ಸಿಗಲಿಲ್ಲ.

ರಾಜ್ಯ ಪತ್ರಾಗಾರದಲ್ಲಿ ಮಾತ್ರ ಒಬ್ಬ ಹಿರಿಯರು ನಿಂತು ಕೇಳಿಸಿಕೊಂಡರು. ವ್ಯಕ್ತಿಯ ದಾಖಲೆ ಇಲ್ಲಿ ಸಿಗುವುದು ಕಷ್ಟ, ಆದರೆ ಕೈದಿ ಆಗಿದ್ದರು ಅನ್ನುವುದಾದರೆ ಜಿನೀವಾಕ್ಕೆ ಬರೆಯಮ್ಮ ಅಂದರು. ಜಿನೀವಾದಲ್ಲಿ ನಮ್ಮೂರಿನ ಸಿಪಾಯಿಯ ಚೀಟಿ ಇರುತ್ತದಾ ಸರ್ ಎಂದು ಕೇಳಿದೆ. ಬರೆದು ನೋಡು ಅಂದರು.

ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ, ಐಸಿಆರ್‌ಸಿ ಅಂತ ಕರೆಯುತ್ತಾರಲ್ಲ, ಅದರ ಕೇಂದ್ರ ಕಚೇರಿ ಅಲ್ಲಿದೆ. 1914ರ ಆಗಸ್ಟ್‌ನಲ್ಲಿ, ಮೊದಲ ಮಹಾಯುದ್ಧ ಶುರುವಾದ ಕೆಲವೇ ವಾರದಲ್ಲಿ, ಅವರು ಯುದ್ಧಕೈದಿಗಳ ಮಾಹಿತಿಗೆ ಅಂತಲೇ ಒಂದು ಸಂಸ್ಥೆ ತೆರೆದರು. ಎರಡೂ ಕಡೆಯ ದೇಶಗಳು ತಾವು ಹಿಡಿದವರ ಪಟ್ಟಿ ಕಳಿಸಬೇಕು, ಮನೆಯವರು ಕಾಣೆಯಾದವರ ಹೆಸರು ಬರೆದು ಕೇಳಬೇಕು, ಇವರು ಎರಡನ್ನೂ ಚೀಟಿಗಳಲ್ಲಿ ಬರೆದು ಅಕ್ಷರದ ಕ್ರಮದಲ್ಲಿ ಜೋಡಿಸಿ ತಾಳೆ ನೋಡಬೇಕು. ಕಂಪ್ಯೂಟರ್ ಇಲ್ಲದ ಕಾಲ. ಸ್ವಯಂಸೇವಕರು ಕೂತು ಕೈಯಲ್ಲೇ ಬರೆದರು. ಮೊದಲ ಯುದ್ಧದ ಚೀಟಿಗಳೇ ಸುಮಾರು 70 ಲಕ್ಷ. ಅವುಗಳಲ್ಲಿ ಬಹುಪಾಲು ಈಗ ಇಂಟರ್‌ನೆಟ್‌ನಲ್ಲಿ ನೋಡಲು ಸಿಗುತ್ತವೆ, ಯುನೆಸ್ಕೋ ಅವನ್ನು ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿದೆ. ಎರಡನೇ ಯುದ್ಧದ ಚೀಟಿಗಳು ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಅವನ್ನು ನಾವೇ ನೋಡಲಾಗುವುದಿಲ್ಲ, ಅರ್ಜಿ ಹಾಕಿ ಕೇಳಬೇಕು.

ಅರ್ಜಿ ಆನ್‌ಲೈನ್. ಆದರೆ ವರ್ಷವಿಡೀ ತೆರೆದಿರುವುದಿಲ್ಲ. ವರ್ಷದಲ್ಲಿ ಕೆಲವು ಸಲ ತೆರೆಯುತ್ತಾರೆ, ಇಷ್ಟು ಅರ್ಜಿ ಎಂದು ಮಿತಿ ಇದೆ, ತುಂಬಿದ ತಕ್ಷಣ ಮುಚ್ಚುತ್ತಾರೆ. ಹಾಗಾಗಿ ಯಾವಾಗ ತೆರೆಯುತ್ತದೆ ಅಂತ ನೋಡಿಟ್ಟುಕೊಂಡು, ಬೇಕಾದ ವಿವರಗಳನ್ನೆಲ್ಲ ಮೊದಲೇ ಬರೆದು ರೆಡಿ ಇಟ್ಟುಕೊಳ್ಳಿ. ಪೂರ್ತಿ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಹುಟ್ಟಿದ ವರ್ಷ, ಯಾವ ದೇಶದ ಸೈನ್ಯ, ಯಾವ ಪಡೆ, ನಂಬರ್, ಎಲ್ಲಿ ಸೆರೆ ಸಿಕ್ಕಿದ್ದು, ನಿಮಗೆ ಅವರು ಏನಾಗಬೇಕು. ಹೆಸರು ಯಾವ್ಯಾವ ಥರ ಬರೆದಿರಬಹುದು ಅನ್ನುವುದನ್ನೂ ಬರೆದೆ. ಪಕ್ಕದ ಊರಿನವರು ಹೇಳಿದ ಮಾತನ್ನೂ ಬರೆದೆ. ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ಅಮ್ಮ, ಅಜ್ಜಿಗಿಂತ ಐದಾರು ವರ್ಷ ದೊಡ್ಡವರಂತೆ ಎಂದರು, ಅದನ್ನೇ ಲೆಕ್ಕ ಹಾಕಿ ಬರೆದೆ. ಅರ್ಜಿ ಸ್ವೀಕರಿಸಿದ್ದೇವೆ, ಉತ್ತರಕ್ಕೆ ತಿಂಗಳುಗಳು ಹಿಡಿಯಬಹುದು ಅಂತ ಮೇಲ್ ಬಂತು.

ಕಾಯುವಾಗ ಓದಿದ್ದೇ ಓದಿದ್ದು. ಓದುತ್ತಾ ಹೋದಂತೆ ನಮ್ಮವರ ಕಾರ್ಡ್ ಯಾಕೆ ಬರಲಿಲ್ಲ ಅನ್ನುವುದು ಸ್ವಲ್ಪ ಸ್ವಲ್ಪ ತಿಳಿಯಿತು. ಶರಣಾದ ಎರಡು ದಿನಕ್ಕೆ, ಫೆಬ್ರವರಿ 17ರಂದು, ಭಾರತದ ಸೈನಿಕರನ್ನೆಲ್ಲ ಸಿಂಗಾಪುರದ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿದರು. ಸುಮಾರು 40,000 ಜನ. ಬ್ರಿಟಿಷರು, ಆಸ್ಟ್ರೇಲಿಯಾದವರು ಸಿಂಗಾಪುರದಲ್ಲೇ ಇದ್ದ ಚಾಂಗಿ ಕ್ಯಾಂಪಿಗೆ ಹೋದರು, ನಮ್ಮವರು ಬೇರೆಯಾದರು. ಅಲ್ಲಿಂದಲೇ ಕ್ಯಾಪ್ಟನ್ ಮೋಹನ್ ಸಿಂಗ್ ನೇತೃತ್ವದಲ್ಲಿ ಮೊದಲ ಆಜಾದ್ ಹಿಂದ್ ಫೌಜ್ ಶುರುವಾಯಿತು, 1943ರಲ್ಲಿ ಸುಭಾಷ್ ಚಂದ್ರ ಬೋಸರು ಬಂದು ಅದನ್ನು ಮತ್ತೆ ಕಟ್ಟಿದರು. ಸಾವಿರಾರು ಜನ ಸೇರಿದರು, ಸಾವಿರಾರು ಜನ ಸೇರಲಿಲ್ಲ. ಸೇರಿದವರ ಕಥೆ ನಮಗೆ ಗೊತ್ತು, ಗೊತ್ತಿರಬೇಕು ಕೂಡ. ಸೇರದವರ ಕಥೆ ನಾನಂತೂ ಯಾವ ಪಾಠದಲ್ಲೂ ಓದಿರಲಿಲ್ಲ. ಅವರಲ್ಲಿ ಬಹಳ ಜನರನ್ನು 1943ರಲ್ಲಿ ಹಡಗುಗಳಲ್ಲಿ ತುಂಬಿ ಪೆಸಿಫಿಕ್ ಸಾಗರದ ನ್ಯೂಗಿನಿ, ನ್ಯೂ ಬ್ರಿಟನ್, ಪಲಾವು ದ್ವೀಪಗಳ ಕಡೆಗೆ ಕೂಲಿ ಕೆಲಸಕ್ಕೆ ಕಳಿಸಿದರು. ಪಕ್ಕದ ಊರಿನವರು ಹೇಳಿದ ಹಡಗು ನೆನಪಾಗಿ ಅವತ್ತು ನನಗೆ ನಿದ್ದೆ ಬರಲಿಲ್ಲ.

ಚಾಂಗಿಯಲ್ಲಿ ಬ್ರಿಟಿಷ್ ಅಧಿಕಾರಿಗಳು ತಾವೇ ಒಂದು ದಾಖಲೆ ವಿಭಾಗ ಇಟ್ಟುಕೊಂಡಿದ್ದರು. ಯಾರು ಬಂದರು, ಯಾರನ್ನು ಎಲ್ಲಿಗೆ ಒಯ್ದರು, ಯಾರು ಸತ್ತರು ಅಂತ ಬರೆಯುತ್ತಿದ್ದರು. ನಮ್ಮವರ ಪಡೆಗಳು ಒಡೆದು ಚದುರಿಹೋಗಿದ್ದವು, ಅಧಿಕಾರಿಗಳು ಬೇರೆ, ಸಿಪಾಯಿಗಳು ಬೇರೆ. ಹಾಗೆ ಬರೆದಿಡುವವರು ಎಲ್ಲ ಕಡೆ ಇರಲಿಲ್ಲ.

ಸಿಂಗಾಪುರದಲ್ಲಿ ಯುದ್ಧದ ನಂತರ ಬ್ರಿಟಿಷರು ನಡೆಸಿದ ವಿಚಾರಣೆಗಳ ದಾಖಲೆ ಈಗ ಆನ್‌ಲೈನ್‌ನಲ್ಲಿ ಓದಲು ಸಿಗುತ್ತದೆ. ಅದರಲ್ಲಿ ಮೊದಲ ಮೊಕದ್ದಮೆಯೇ ಭಾರತದ ಕೈದಿಗಳದ್ದು ಅಂತ ನೋಡಿ ನನಗೆ ಆಶ್ಚರ್ಯ ಆಯಿತು. 1946ರ ಜನವರಿಯಲ್ಲಿ ಶುರುವಾದದ್ದು. ಕ್ಯಾಪ್ಟನ್ ಗೊಜಾವಾ ಸದಾಇಚಿ ಮತ್ತು ಅವನ ಕೈಕೆಳಗಿನ ಒಂಬತ್ತು ಮಂದಿ ಆರೋಪಿಗಳು. ಸಿಂಗಾಪುರದಿಂದ ಪಲಾವುವಿನ ಬಾಬೆಲ್ದಾವೊಬ್ ದ್ವೀಪಕ್ಕೆ ಒಯ್ದ ಭಾರತೀಯ ಸೈನಿಕರನ್ನು ಹೊಡೆದದ್ದು, ಹಸಿವಿನಲ್ಲಿ ಇಟ್ಟದ್ದು, ಕೊಂದದ್ದು ಆರೋಪ. ಆರೋಪಿಗಳ ಪರ ವಾದ ಏನು ಗೊತ್ತಾ? ಇವರು ಯುದ್ಧಕೈದಿಗಳೇ ಅಲ್ಲ, ತಾವಾಗಿ ಜಪಾನ್ ಸೈನ್ಯದ ಜೊತೆ ಬಂದವರು, ಹಾಗಾಗಿ ನಮ್ಮ ಸೈನ್ಯದ ಶಿಸ್ತಿನ ಪ್ರಕಾರ ಹೊಡೆದೆವು ಅಂತ. ನ್ಯಾಯಾಲಯ ಒಪ್ಪಲಿಲ್ಲ. ಆದರೆ ಆ ವಾದವೇ ಎಷ್ಟೋ ವಿಷಯ ಹೇಳಿಬಿಟ್ಟಿತು. ಕೈದಿ ಅಲ್ಲ ಅಂದುಬಿಟ್ಟರೆ ಪಟ್ಟಿ ಕಳಿಸಬೇಕಿಲ್ಲ, ಕಾರ್ಡ್ ಕೊಡಬೇಕಿಲ್ಲ, ರೆಡ್ ಕ್ರಾಸ್‌ನವರನ್ನು ಒಳಗೆ ಬಿಡಬೇಕಿಲ್ಲ. ಇದು ಇವತ್ತೂ ನಡೆಯುತ್ತದೆ. ಹಿಡಿದವರಿಗೆ ಬೇರೆ ಹೆಸರು ಕೊಟ್ಟು ಕಾನೂನಿನ ಹೊರಗೆ ಇಡುವುದು ಹಳೆಯ ಉಪಾಯ, ಮತ್ತು ನನಗೆ ಇದಕ್ಕಿಂತ ಸಿಟ್ಟು ಬರಿಸಿದ್ದು ಈ ಓದಿನಲ್ಲಿ ಬೇರೆ ಏನೂ ಇಲ್ಲ.

ಇನ್ನೊಂದು ಮೊಕದ್ದಮೆ ನ್ಯೂ ಬ್ರಿಟನ್ ದ್ವೀಪದ ರಬೌಲ್‌ನದು. ಆಸ್ಟ್ರೇಲಿಯಾದ ಸೈನಿಕ ನ್ಯಾಯಾಲಯ, 1946ರ ಜುಲೈ. ತನಾಕಾ ಚೂಇಚಿ ಮತ್ತು ಇನ್ನಿಬ್ಬರು, ಸಿಖ್ ಕೈದಿಗಳನ್ನು ಕಂಬಕ್ಕೆ ಕಟ್ಟಿ ಪ್ರಜ್ಞೆ ತಪ್ಪುವವರೆಗೆ ಹೊಡೆದು, ಅವರ ಕೂದಲು ಗಡ್ಡ ಕತ್ತರಿಸಿ, ಬಲವಂತವಾಗಿ ಸಿಗರೇಟ್ ಸೇದಿಸಿದ್ದರು. ಮೂವರಿಗೂ ಶಿಕ್ಷೆ ಆಯಿತು. ಕೈದಿಯ ಧಾರ್ಮಿಕ ನಂಬಿಕೆಯನ್ನು ಗೌರವಿಸಬೇಕು ಅನ್ನುವ ನಿಯಮಕ್ಕೆ ಇವತ್ತಿಗೂ ಕಾನೂನಿನವರು ಈ ತೀರ್ಪನ್ನು ಉದಾಹರಣೆ ಕೊಡುತ್ತಾರೆ. ನಮ್ಮ ದೇಶದ ಸಿಪಾಯಿಗಳ ನೋವಿನಿಂದ ಹುಟ್ಟಿದ ತೀರ್ಪು, ನಮ್ಮಲ್ಲೇ ಯಾರಿಗೂ ಗೊತ್ತಿಲ್ಲ.

ನ್ಯೂಗಿನಿಯಲ್ಲಿ ಬದುಕಿ ಉಳಿದ ಚಿಂತ್ ಸಿಂಗ್ ಎಂಬ ಅಧಿಕಾರಿಯ ಬಗ್ಗೆಯೂ ಓದಿದೆ. ಬಿಡುಗಡೆ ಆದ ಮೇಲೆ ಸಾಕ್ಷಿ ಹೇಳಲು ಅವರು ಅಲ್ಲೇ ಉಳಿದರು. ಜೊತೆಗೆ ಬದುಕಿ ಉಳಿದಿದ್ದ ಸಂಗಡಿಗರು ಊರಿಗೆ ಹೊರಟ ವಿಮಾನ 1945ರ ನವೆಂಬರ್‌ನಲ್ಲಿ ಅಪಘಾತಕ್ಕೆ ಸಿಕ್ಕಿ ಅವರೆಲ್ಲ ಸತ್ತರು. ಸೆರೆಯಲ್ಲಿ ಏನಾಯಿತು ಅಂತ ಹೇಳಲು ಆ ಗುಂಪಿನಲ್ಲಿ ಅವರೊಬ್ಬರೇ ಉಳಿದರು. ನಮ್ಮ ಪಕ್ಕದ ಊರಿನವರೂ ಆ ಥರದವರೇ ಅಂತ ಅನಿಸಿತು. ಅವರ ಮಾತನ್ನು ಆಗ ಯಾರೂ ಬರೆದುಕೊಳ್ಳಲಿಲ್ಲ, ಅಜ್ಜಿ ನೆನಪಿಟ್ಟುಕೊಂಡರು.

ರೆಡ್ ಕ್ರಾಸ್‌ನವರು ಏನು ಮಾಡುತ್ತಿದ್ದರು ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಸಿಂಗಾಪುರದಲ್ಲಿದ್ದ ಅವರ ಪ್ರತಿನಿಧಿಗೆ ಜಪಾನ್ ಮಾನ್ಯತೆಯನ್ನೇ ಕೊಡಲಿಲ್ಲ. ಬೋರ್ನಿಯೋದಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ಮಥೇವುಸ್ ವಿಷರ್ ಮತ್ತು ಅವರ ಹೆಂಡತಿಯನ್ನು 1943ರ ಡಿಸೆಂಬರ್‌ನಲ್ಲಿ ಕೊಂದೇಬಿಟ್ಟರು. ಕೈದಿಗಳ ಹೆಸರು, ಸಂಖ್ಯೆ ವಿಚಾರಿಸಿದ್ದು, ಅವರಿಗೆ ಸಹಾಯ ಕಳಿಸಲು ನೋಡಿದ್ದು ಕೂಡ ಅವರ ಮೇಲಿನ ಆರೋಪದಲ್ಲಿ ಇತ್ತು.

ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಏನಿತ್ತು ನೋಡಿ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬ್ರಿಟಿಷರು ಇಲ್ಲಿಗೆ ತಂದಿದ್ದರು. ಜಾಲಹಳ್ಳಿ ಕಡೆ ಈಗಲೂ ಹಳಬರು ಇಟಾಲಿಯನ್ ಕೈದಿಗಳ ಮಾತು ಹೇಳುತ್ತಾರೆ. ಭಾರತದ ಆ ಕ್ಯಾಂಪ್‌ಗಳಿಗೆ ರೆಡ್ ಕ್ರಾಸ್ ಪ್ರತಿನಿಧಿಗಳು ಬಂದು ನೋಡಿ ವರದಿ ಬರೆಯುತ್ತಿದ್ದರು, ಕೈದಿಗಳು ಮನೆಗೆ ಕಾಗದ ಬರೆಯುತ್ತಿದ್ದರು, ಮನೆಯಿಂದ ಕಾಗದ ಬರುತ್ತಿತ್ತು. ಅಲ್ಲಿ ಎಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ, ಸೆರೆ ಸೆರೆಯೇ. ಆದರೆ ಜಾಲಹಳ್ಳಿಯಲ್ಲಿ ಕೂತ ಇಟಲಿಯ ಹುಡುಗ ಬದುಕಿದ್ದಾನೆ ಎಂದು ಅವನ ತಾಯಿಗೆ ಗೊತ್ತಿತ್ತು. ಅಲ್ಲಿಂದ ಒಂದು ದಿನದ ದಾರಿಯಲ್ಲಿದ್ದ ನಮ್ಮ ಮುತ್ತಜ್ಜಿಗೆ ಅವರ ಮಗನ ವಿಷಯ ಗೊತ್ತಿರಲಿಲ್ಲ. ಇದನ್ನು ಅಮ್ಮನಿಗೆ ಹೇಳಿದಾಗ ಅವರು ಏನೂ ಮಾತಾಡದೆ ಎದ್ದು ಒಳಗೆ ಹೋದರು.

ಉತ್ತರ ಬಂದಾಗ ನಾನು ಕೆಲಸದಲ್ಲಿದ್ದೆ. ಮೇಲ್ ತೆರೆದೆ, ಜೊತೆಗೆ ಒಂದು ಪುಟದ ಪ್ರಮಾಣಪತ್ರ. ಬಹಳ ಅಚ್ಚುಕಟ್ಟಾದ, ಚಿಕ್ಕ ಉತ್ತರ. ಅವರ ಬಳಿ ದೊಡ್ಡಮಾವನ ಹೆಸರಿನಲ್ಲಿ ಎರಡು ನಮೂದು ಇದ್ದವು. ಮೊದಲನೆಯದು ಭಾರತ ಸರ್ಕಾರದ ಕಡೆಯಿಂದ ಬಂದ ವಿಚಾರಣೆ, ಮಲಯಾದಲ್ಲಿ ಕಾಣೆಯಾದವರು ಅಂತ, ಹೆಸರು, ನಂಬರ್, ಪಡೆ. ಎರಡನೆಯದು ಟೋಕಿಯೋದ ಕಡೆಯಿಂದ ಬಂದ ಒಂದು ಪಟ್ಟಿಯ ಆಧಾರದ ಮೇಲೆ ಬರೆದದ್ದು. ಅದೇ ನಂಬರ್. ಮಲಯಾದಲ್ಲಿ ಯುದ್ಧಕೈದಿ. ಪಟ್ಟಿ ಬಂದ ವರ್ಷ 1943. ಸತ್ತ ಬಗ್ಗೆ, ಬೇರೆ ಕಡೆಗೆ ಒಯ್ದ ಬಗ್ಗೆ, ಬಿಡುಗಡೆ ಬಗ್ಗೆ ಏನೂ ಇಲ್ಲ.

ಅಂದರೆ ಅವರು ಫೆಬ್ರವರಿ 15ರಂದು ಸಾಯಲಿಲ್ಲ. ಪಕ್ಕದ ಊರಿನವರು ಸುಳ್ಳು ಹೇಳಿರಲಿಲ್ಲ.

ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದೆ. ಅಮ್ಮನಿಗೆ ಓದಿ ಹೇಳಿದೆ, ಮತ್ತೆ ಓದು ಅಂದರು, ಮತ್ತೆ ಓದಿದೆ. "ಹಾಗಾದ್ರೆ ಸರ್ಕಾರಕ್ಕೆ ಗೊತ್ತಿತ್ತಲ್ಲೇ" ಅಂದರು. ಗೊತ್ತಿತ್ತೋ ಇಲ್ಲವೋ ಈಗ ಹೇಳಲಾಗದು. ಜಿನೀವಾದಿಂದ ದೆಹಲಿಗೆ, ದೆಹಲಿಯಿಂದ ಮೈಸೂರಿಗೆ, ಮೈಸೂರಿನಿಂದ ಹಳ್ಳಿಗೆ ಬರಬೇಕಾದ ಒಂದು ಸಾಲು ಎಲ್ಲಿ ನಿಂತಿತು ಅಂತ ನನ್ನ ಬಳಿ ಆಧಾರ ಇಲ್ಲ. ಅಮ್ಮ ಅವತ್ತೇ ನನ್ನ ತಮ್ಮ, ಚಿಕ್ಕಮ್ಮ, ಊರಿನಲ್ಲಿರುವ ನೆಂಟರು, ಎಲ್ಲರಿಗೂ ಫೋನ್ ಮಾಡಿ ಹೇಳಿದರು. ಚಿಕ್ಕಮ್ಮ ಫೋನಿನಲ್ಲೇ ಅತ್ತರು.

ಎರಡು ಸಾಲು ಅಷ್ಟೇ ತಾನೇ ಎಂದು ಕೆಲವರು ಅಂದರು. ಆ ಎರಡು ಸಾಲು ಇರಲಿ ಅಂತಲೇ ಈ ಇಡೀ ಕಾನೂನು ಇರುವುದು. ಯುದ್ಧ ಮುಗಿದ ಮೇಲೆ 1949ರಲ್ಲಿ ಒಪ್ಪಂದಗಳನ್ನು ಹೊಸದಾಗಿ ಬರೆದಾಗ ಈ ಭಾಗವನ್ನೇ ಗಟ್ಟಿ ಮಾಡಿದರು. ಮೂರನೇ ಒಪ್ಪಂದದ 70ನೇ ವಿಧಿಯ ಪ್ರಕಾರ ಸೆರೆಸಿಕ್ಕ ತಕ್ಷಣ, ಇಲ್ಲವೇ ಕ್ಯಾಂಪ್ ಸೇರಿದ ಒಂದು ವಾರದೊಳಗೆ ಕೈದಿ ಒಂದು ಕಾರ್ಡ್ ಮನೆಗೂ, ಇನ್ನೊಂದು ಕಾರ್ಡ್ ನೇರ ಜಿನೀವಾದ ಸಂಸ್ಥೆಗೂ ಬರೆಯಬಹುದು. ಪ್ರತಿ ದೇಶವೂ ತಾನು ಹಿಡಿದವರ ಹೆಸರು ಸಂಗ್ರಹಿಸಿ ಕಳಿಸಲು ಒಂದು ಮಾಹಿತಿ ಕಚೇರಿ ತೆರೆಯಬೇಕು. ತಿಂಗಳಿಗೆ ಕಡಿಮೆ ಅಂದರೂ ಎರಡು ಪತ್ರ, ನಾಲ್ಕು ಕಾರ್ಡ್‌ಗೆ ಅವಕಾಶ ಇರಬೇಕು. ರೆಡ್ ಕ್ರಾಸ್ ಪ್ರತಿನಿಧಿಗಳು ಕ್ಯಾಂಪ್‌ಗೆ ಬಂದು ಕೈದಿಗಳ ಜೊತೆ ಬೇರೆ ಯಾರೂ ಇಲ್ಲದಂತೆ ಮಾತಾಡಲು ಬಿಡಬೇಕು. ಭಾರತ 1950ರಲ್ಲಿ ಅನುಮೋದಿಸಿತು, 1960ರಲ್ಲಿ ಅದಕ್ಕೆ ನಮ್ಮಲ್ಲೇ ಕಾಯ್ದೆ ಆಯಿತು. 1971ರ ಯುದ್ಧದಲ್ಲಿ ನಮ್ಮ ವಶಕ್ಕೆ ಬಂದ ಸುಮಾರು 93,000 ಪಾಕಿಸ್ತಾನಿಗಳು ಕೊನೆಗೆ ಮನೆ ಸೇರಿದರು. ನಮ್ಮ ಕಡೆಯ ಕಾಣೆಯಾದ 54 ಜನರ ಮನೆಯವರು ಇನ್ನೂ ಕಾಯುತ್ತಿದ್ದಾರೆ, ಅವರು ತಮ್ಮ ಬಳಿ ಇಲ್ಲ ಎಂದು ಪಾಕಿಸ್ತಾನ ಹೇಳುತ್ತದೆ. ಆ ಮನೆಗಳ ಬಗ್ಗೆ ಮೊದಲು ಪೇಪರ್‌ನಲ್ಲಿ ಓದಿ ಪುಟ ತಿರುಗಿಸುತ್ತಿದ್ದೆ, ಈಗ ಆಗುವುದಿಲ್ಲ.

2024ರಲ್ಲಿ ಕಲಬುರಗಿ ಕಡೆಯ ಯುವಕರು ಕೆಲಸ ಅಂತ ರಷ್ಯಾಕ್ಕೆ ಹೋಗಿ ಯುದ್ಧದ ಜಾಗದಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತಲ್ಲ, ಆಗ ಟಿವಿಯಲ್ಲಿ ಅವರ ಮನೆಯವರು ಫೋನ್ ಹಿಡಿದು ಕೂತದ್ದನ್ನು ನೋಡಿ ಅಮ್ಮ ಚಾನೆಲ್ ಬದಲಿಸಲು ಬಿಡಲಿಲ್ಲ. ಆ ಹುಡುಗರು ವಾಪಸ್ ಬಂದರು. ಉಕ್ರೇನ್ ಯುದ್ಧಕ್ಕೆ ಅಂತಲೇ ಜಿನೀವಾದ ಅದೇ ಸಂಸ್ಥೆ 2022ರಲ್ಲಿ ಬೇರೆ ಒಂದು ವಿಭಾಗ ತೆರೆದಿದೆ, ಎರಡೂ ಕಡೆಯ ಮನೆಗಳಿಂದ ಇದೇ ಪ್ರಶ್ನೆ ಬರುತ್ತದೆ, ಬದುಕಿದ್ದಾನಾ?

ನಮ್ಮ ಕೆಲಸ ಇನ್ನೂ ಮುಗಿದಿಲ್ಲ. ಜಿನೀವಾದ ಪ್ರಮಾಣಪತ್ರ, ಹಳೆಯ ಸರ್ಕಾರಿ ಕಾಗದ, ಊರಿನಿಂದ ತಂದ ವಂಶವೃಕ್ಷ ಎಲ್ಲವನ್ನೂ ಸೇರಿಸಿ ಸಮಾಧಿ ಆಯೋಗಕ್ಕೆ ಬರೆದೆ. ಎರಡು ಕೇಳಿದೆ. ತಂದೆಯ ಹೆಸರು, ಊರಿನ ಹೆಸರು ಸೇರಿಸಿ. ಸತ್ತ ತಾರೀಖನ್ನು ತಿದ್ದಿ, ಸರಿಯಾದದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಾದರೂ ಬರೆಯಿರಿ, ಯುದ್ಧಕೈದಿ ಆಗಿದ್ದರು ಅನ್ನುವುದು ಅದರಲ್ಲಿ ಬರಲಿ. ಮೊದಲನೆಯದಕ್ಕೆ ಒಪ್ಪಿಗೆ ಬಂತು. ಎರಡನೆಯದಕ್ಕೆ ಆ ಸೈನಿಕನ ದೇಶದ ಸೇನಾ ಅಧಿಕಾರಿಗಳ ಒಪ್ಪಿಗೆ ಬೇಕು ಅಂದರು. ನ್ಯಾಯವೇ, ಯಾರು ಬೇಕಾದರೂ ಬರೆದ ತಾರೀಖು ಬದಲಿಸುವ ಹಾಗಿರಬಾರದು. ಹಾಗಾಗಿ ಅದೇ ಕಾಗದಗಳ ಇನ್ನೊಂದು ಸೆಟ್ ದೆಹಲಿಗೆ ಹೋಗಿದೆ.

ನೀವು ಹುಡುಕುವುದಾದರೆ ಒಂದು ಮಾತು. ಮೊದಲು ಸೈನ್ಯದ ನಂಬರ್ ಹುಡುಕಿ. ಹಳೆಯ ಮನಿ ಆರ್ಡರ್ ರಸೀತಿ, ಪದಕದ ಅಂಚು, ಪೆನ್ಶನ್ ಕಾಗದ, ಎಲ್ಲಾದರೂ ಇರುತ್ತದೆ. ಹೆಸರು ಹತ್ತು ಥರ ಬರೆದಿರಬಹುದು, ನಂಬರ್ ಒಂದೇ. ಆಜಾದ್ ಹಿಂದ್ ಫೌಜ್ ಸೇರಿದವರ ಮನೆಯವರಾದರೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಕಡತಗಳಿಂದ ಶುರು ಮಾಡಿ, ಅವರ ಪೋರ್ಟಲ್‌ನಲ್ಲಿ ಬಹಳಷ್ಟು ಹಾಕಿದ್ದಾರೆ. ಮನೆಯಲ್ಲಿ ಎಂಬತ್ತು ದಾಟಿದವರು ಯಾರಾದರೂ ಇದ್ದರೆ ಈ ವಾರವೇ ಕೂತು ಕೇಳಿ ಬರೆದುಕೊಳ್ಳಿ. ಹಾಸನ, ಮಂಡ್ಯ, ಮೈಸೂರು ಕಡೆಯಿಂದ ಮೈಸೂರು ಇನ್‌ಫೆಂಟ್ರಿಯಲ್ಲಿ ಹೋಗಿ ವಾಪಸ್ ಬಂದವರ ಮನೆಯವರು ಇದನ್ನು ಓದುತ್ತಿದ್ದರೆ ನನಗೆ ದಯವಿಟ್ಟು ಬರೆಯಿರಿ. 1943ರಲ್ಲಿ ಸಿಂಗಾಪುರದಿಂದ ಹೊರಟ ಹಡಗುಗಳ ಬಗ್ಗೆ ನಿಮ್ಮ ಅಜ್ಜ ಏನಾದರೂ ಹೇಳಿದ್ದರೆ, ಅರ್ಧ ವಾಕ್ಯ ಆದರೂ ಸರಿ, ನನಗೆ ಬೇಕು.